ಸಿಂಗಾಪುರದಲ್ಲಿ 8,500 ಡಾಲರ್ ಸಂಬಳಕ್ಕೆ ನಾಲ್ಕು ಜನರ ಸಂಸಾರ ನಡೆಯುತ್ತಾ? ಅಲ್ಲಿ ಇದ್ದವರು ಅನುಭವ ಹೇಳಿ

ವೈಟ್‌ಫೀಲ್ಡ್_34: ಎಲ್ರಿಗೂ ನಮಸ್ಕಾರ. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ, ಸಿಟಿಸಿ 36 ಲಕ್ಷ. ಸಿಂಗಾಪುರದಿಂದ ಆಫರ್ ಬಂದಿದೆ, ತಿಂಗಳಿಗೆ 8,500 ಸಿಂಗಾಪುರ ಡಾಲರ್, ಇಪಿ (ಎಂಪ್ಲಾಯ್‌ಮೆಂಟ್ ಪಾಸ್, ವಿದೇಶಿ ಉದ್ಯೋಗಿಗಳ ಕೆಲಸದ ಪರವಾನಗಿ) ಮಾಡಿಸ್ತಾರಂತೆ. ಹೆಂಡ್ತಿ ಬ್ಯಾಂಕಲ್ಲಿ ಕೆಲಸ ಮಾಡ್ತಾಳೆ, ಬಂದ್ರೆ ಬಿಟ್ಟು ಡಿಪಿ (ಡಿಪೆಂಡೆಂಟ್ ಪಾಸ್, ಅವಲಂಬಿತರಿಗೆ ಕೊಡೋದು) ಮೇಲೆ ಬರ್ಬೇಕು. ಮಗನಿಗೆ 7, ಮಗಳಿಗೆ 3. ಅಲ್ಲಿನ ಸರ್ಕಾರದ ಲೆಕ್ಕದಲ್ಲಿ 2024ಕ್ಕೆ ಮೀಡಿಯನ್ (ಅರ್ಧ ಜನ ಅದಕ್ಕಿಂತ ಕೆಳಗೆ, ಅರ್ಧ ಜನ ಮೇಲೆ) ಸಂಬಳ 5,500, ದುಡಿಯೋ ಮನೆಗಳ ಮೀಡಿಯನ್ ಆದಾಯ 11,297 ಅಂತ ಓದ್ದೆ. ಅಂದ್ರೆ ಒಬ್ಬನ ಲೆಕ್ಕದಲ್ಲಿ ನಾನು ಮೇಲಿದೀನಿ, ಮನೆ ಲೆಕ್ಕದಲ್ಲಿ ಕೆಳಗಿದೀನಿ. ಹೋಗ್ಬೇಕಾ ಬೇಡ್ವಾ?

ಪುಂಗೋಲ್_ಬಾಡಿಗೆದಾರ: ಸಂಬಳ ಬಿಡಿ, ಮೊದ್ಲು ಬಾಡಿಗೆ ಕೇಳಿ. ನಾವು 2020ರಲ್ಲಿ ನಾಲ್ಕು ರೂಮಿನ ಎಚ್‌ಡಿಬಿ (ಸರ್ಕಾರಿ ಹೌಸಿಂಗ್ ಬೋರ್ಡ್) ಮನೆ 2,200ಕ್ಕೆ ಹಿಡಿದಿದ್ವಿ, ಎರಡು ವರ್ಷದ ಅಗ್ರಿಮೆಂಟು. 2022ರಲ್ಲಿ ರಿನ್ಯೂ ಮಾಡೋಕೆ ಹೋದ್ರೆ ಓನರ್ 3,400 ಅಂದ್ರು. ಒಂದೇ ಏಟಿಗೆ 1,200 ಜಾಸ್ತಿ! ಆ ವರ್ಷ ಊರಿಗೆ ಊರೇ ಹಂಗಿತ್ತು, ಖಾಸಗಿ ಮನೆಗಳ ಬಾಡಿಗೆ ಸೂಚ್ಯಂಕ 2022 ಒಂದರಲ್ಲೇ ಹತ್ತಿರ ಹತ್ತಿರ 30% ಏರ್ತು. ಬೇರೆ ಮನೆ ಹುಡುಕಿದ್ರೆ ಒಂದೊಂದು ಮನೆ ನೋಡೋಕೂ ಕ್ಯೂ, ಕೆಲವರು ಮನೆ ನೋಡದೆನೇ ಅಡ್ವಾನ್ಸ್ ಹಾಕ್ತಿದ್ರು, ಇನ್ನು ಕೆಲವು ಬ್ಲಾಕಲ್ಲಿ ವಿದೇಶಿಯರ ಕೋಟಾ ತುಂಬಿದೆ ಅಂತ ಏಜೆಂಟೇ ಬಾಗಿಲಲ್ಲಿ ವಾಪಸ್ ಕಳಿಸ್ದ (ಬ್ಲಾಕಿಗೆ 11%, ನೆರೆಹೊರೆಗೆ 8% ಅಂತ ಮಿತಿ ಇದೆ, ಇಡೀ ಮನೆ ಬಾಡಿಗೆಗೆ ಹಿಡಿಯೋರಿಗೆ). ಕೊನೆಗೆ ಅದೇ ಮನೆಗೆ ಸೈನ್ ಹಾಕ್ದೆ. 3,400 ಇಂಟು 24 ತಿಂಗಳು, ಅದರ 0.4% ಸ್ಟ್ಯಾಂಪ್ ಡ್ಯೂಟಿ 326 ಡಾಲರ್, ಅದೂ ಬಾಡಿಗೆದಾರನದ್ದೇ. ಎರಡು ತಿಂಗಳ ಡೆಪಾಸಿಟ್ ಹೊಸ ರೇಟಿಗೆ ಸರಿಮಾಡೋಕೆ ಇನ್ನೊಂದು 2,400. ಮೂರು ತಿಂಗಳಿಗೊಮ್ಮೆ ಏಸಿ ಸರ್ವಿಸ್ ಮಾಡಿಸಿ ಬಿಲ್ ತೋರಿಸ್ಬೇಕು. ಆ ವರ್ಷ ನನಗೆ ಸಿಕ್ಕ ಇನ್‌ಕ್ರಿಮೆಂಟು 400 ಡಾಲರ್, 7,200 ಇದ್ದದ್ದು 7,600 ಆಯ್ತು. ಊರಲ್ಲಿ ಎಲ್ರೂ ‘ಸಿಂಗಾಪುರದಲ್ಲಿ ಸಂಬಳ ಏರಿದ್ಯಂತೆ’ ಅಂತ ಖುಷಿಪಟ್ರು, ನಮ್ಮನೇಲಿ ತಿಂಗಳಿಗೆ 800 ಡಾಲರ್ ಕಮ್ಮಿ ಆಗಿತ್ತು. ಮನೆ ಬಿಡುವಾಗ ಹಾಲ್‌ನ ನೆಲದ ಮೇಲೆ ಕುರ್ಚಿ ಎಳೆದ ಗೀರಿಗೆ, ಅಡುಗೆಮನೆ ಹುಡ್ ಮೇಲಿನ ಒಗ್ಗರಣೆ ಜಿಡ್ಡಿಗೆ ಅಂತ ಡೆಪಾಸಿಟಲ್ಲಿ 900 ಹಿಡ್ಕೊಂಡ್ರು. ಇವತ್ತಿಗೂ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ.

ಜುರಾಂಗ್_ಹುಬ್ಬಳ್ಳಿ: ಬಾಡಿಗಿ ಕೊಟಗೋತ ಕೂತ್ರ ಹಿಂಗ ಆಗತೈತ್ರಿ. ನಾ ಬಂದಿದ್ದು 2008ಕ್ಕ, ಶಿಪ್‌ಯಾರ್ಡ್ ಕೆಲಸಕ್ಕ. 2011ಕ್ಕ ಪಿಆರ್ (ಕಾಯಂ ವಾಸದ ಹಕ್ಕು) ಸಿಕ್ತು, 2014ಕ್ಕ ಜುರಾಂಗ್ ವೆಸ್ಟ್‌ನ್ಯಾಗ ರೀಸೇಲ್ ಮನಿ ತಗೊಂಡೆ, 4 ಲಕ್ಷ 10 ಸಾವಿರ ಡಾಲರ್. ಪಿಆರ್ ಅಂತ 5% ಹೆಚ್ಚಿನ ಡ್ಯೂಟಿ 20,500, ಮತ್ತ ಖರೀದಿದಾರನ ಡ್ಯೂಟಿ 6,900, ಎರಡೂ ಸೇರಿ 27,400 ಬರೇ ಸರ್ಕಾರಕ್ಕ ಕಟ್ಟೇನಿ. ಆಗ ನಮ್ಮವ್ರು ಎಲ್ಲಾರೂ ತಲಿ ಕೆಟ್ಟೈತೇನು ಅಂದ್ರು. ಕಂತು ಸಿಪಿಎಫ್‌ (ನಮ್ಮ ಪಿಎಫ್ ಇದ್ದಂಗ) ಖಾತೆದಾಗಿಂದ ಹೋಗತೈತಿ, ಕೈಲಿಂದ ರೊಕ್ಕ ಹೋಗಂಗಿಲ್ಲ. 2025ರಾಗ ಸಿಪಿಎಫ್ ಹಿಡಿಯೋ ಸಂಬಳದ ಸೀಲಿಂಗ್ 7,400 ಇತ್ತು, ಅದಕ್ಕ ನನ್ನ 20% 1,480, ಕಂಪನಿ 17% 1,258, ಒಟ್ಟು ತಿಂಗಳಾ 2,738 ನನ್ನ ಖಾತೆಕ್ಕ ಬಂದು ಬೀಳತಿತ್ತು. ಇಪಿ ಮ್ಯಾಲಿದ್ದವ್ರಿಗೆ ಇದು ಒಂದು ಪೈಸಾನೂ ಇಲ್ಲ. ಇಲ್ಲಿ ಮಂದಿ ಆದಾಯ ಬೆಳೆದೈತಿ ಅಂದ್ರ ಗಟ್ಟಿಯಾಗಿ ನಿಂತವ್ರದು ಬೆಳೆದೈತ್ರಿ, ಎರಡು ವರ್ಷಕ್ಕೊಮ್ಮೆ ಮನಿ ಬದಲಿ ಮಾಡವ್ರದ್ದಲ್ಲ.

ಪುಂಗೋಲ್_ಬಾಡಿಗೆದಾರ: ಸರ್, 2011ರಲ್ಲಿ ಪಿಆರ್ ಸಿಕ್ಕಿದ್ದು ಬೇರೆ ಕಾಲ. ನಾನು ಹಾಕಿದ ಅರ್ಜಿ ಎಲ್ಲಾ ರಿಜೆಕ್ಟ್ ಆಗಿದೆ, ಕಾರಣ ಕೂಡ ಹೇಳಲ್ಲ. ನಿಮಗೆ ಸಿಕ್ತು ಅಂತ ಸಿಗದೋರಿಗೆ ಬುದ್ಧಿ ಹೇಳ್ಬೇಡಿ.

ಲೆಕ್ಕದ_ಮನುಷ್ಯ: ಮೊದ್ಲು ಆ ಅಂಕಿ ಏನು ಅಂತ ತಿಳ್ಕೊಳ್ಳಿ. 5,500ರಲ್ಲಿ ಕಂಪನಿ ಕಟ್ಟೋ ಸಿಪಿಎಫ್ ಸೇರಿದೆ, ಕೈಗೆ ಬರೋ ದುಡ್ಡಲ್ಲ ಅದು. 11,297 ಕೂಡ ಹಾಗೇ. ಎರಡರಲ್ಲೂ ಸಿಟಿಜನ್ ಮತ್ತು ಪಿಆರ್ ಮಾತ್ರ, ಇಪಿ ಮೇಲಿರೋ ನಿಮ್ಮ ಮನೆ ಆ ಲೆಕ್ಕದಲ್ಲೇ ಬರಲ್ಲ. ಇನ್ನು ಏರಿಕೆ: 2019ರಲ್ಲಿ ಮೀಡಿಯನ್ 4,563 ಇತ್ತು, 2024ಕ್ಕೆ 5,500. ನೋಡೋಕೆ 20% ಏರಿಕೆ. ಆದ್ರೆ ಬೆಲೆ ಏರಿಕೆ 2022ರಲ್ಲಿ 6.1%, 2023ರಲ್ಲಿ 4.8%. 2023ರಲ್ಲಂತೂ ಸಂಬಳ 2.5% ಏರಿ ನಿಜವಾಗಿ 2.2% ಇಳಿದಿತ್ತು. ಜಿಎಸ್‌ಟಿ 7 ಇದ್ದದ್ದು 2023ಕ್ಕೆ 8, 2024ಕ್ಕೆ 9 ಆಯ್ತು. ಎಲ್ಲಾ ಕಳೆದ್ರೆ ಐದು ವರ್ಷ ಸೇರಿ ನಿಜವಾದ ಏರಿಕೆ 4% ಕೂಡ ದಾಟಲ್ಲ. ಹುಬ್ಬಳ್ಳಿಯವರು ‘ಬೆಳೆದೈತಿ’ ಅಂತಿರೋದು ಮನೆಯ ಬೆಲೆ, ಸಂಬಳ ಅಲ್ಲ.

ಜುರಾಂಗ್_ಹುಬ್ಬಳ್ಳಿ: ಕೂತಲ್ಲೇ ಕೂತು ಲೆಕ್ಕಾ ಹಾಕಬ್ಯಾಡ್ರಿ. 2024ಕ್ಕ ನಿಜವಾದ ಏರಿಕೆ 3.4% ಆಗೇತಿ, ಅದನ್ಯಾಕ ಬಿಟ್ರಿ? ನಮ್ಮ ಬ್ಲಾಕ್ ಗುಡಿಸೋ ಅಜ್ಜನ ಸಂಬಳಾನೂ ಪ್ರೋಗ್ರೆಸಿವ್ ವೇಜ್ ಅಂತ ಕಡಿಮಿ ಸಂಬಳದವ್ರಿಗೆ ಸರ್ಕಾರದ ಸ್ಕೀಮ್ ಬಂದ ಮ್ಯಾಲೆ ವರ್ಷಾ ವರ್ಷಾ ಏರಲಿಕ್ಕತ್ತೈತಿ, ಅವರ ಬಾಯಿಂದನ ಕೇಳೇನಿ. ನಮ್ಮ ದೇಶದಾಗ ಪೌರಕಾರ್ಮಿಕರ ಗತಿ ಏನೈತಿ ಹೇಳ್ರಿ ನೋಡೂಣು.

ಲೆಕ್ಕದ_ಮನುಷ್ಯ: ಕೆಳಗಿನವರದ್ದು ಏರಿದೆ, ಅದನ್ನ ಒಪ್ತೀನಿ, ಒಳ್ಳೇದೇ ಆಯ್ತು. ಆದ್ರೆ ಪ್ರಶ್ನೆ ಕೇಳಿದವರು ಇಪಿ ಮೇಲೆ ಬರೋರು. ಅವರಿಗೆ ಆ ಸ್ಕೀಮೂ ಇಲ್ಲ, ಸಿಪಿಎಫ್ಪೂ ಇಲ್ಲ, ಸರ್ಕಾರದ ವೋಚರೂ ಇಲ್ಲ. ಒಂದೇ ಅನುಕೂಲ ಟ್ಯಾಕ್ಸು. 8,500ಕ್ಕೆ ವರ್ಷಕ್ಕೆ 1,02,000, ಹೆಂಡ್ತಿ ಮಕ್ಕಳ ರಿಲೀಫ್ ಕಳೆದು ಸುಮಾರು 5 ಸಾವಿರ ಡಾಲರ್ ಟ್ಯಾಕ್ಸ್, ಅಷ್ಟೇ.

ಸೆಂಗ್‌ಕಾಂಗ್_ಅಮ್ಮ: ಗಂಡಸರು ಅಂಕಿ ಸಂಖ್ಯೆ ಹಿಡ್ಕೊಂಡು ಜಗಳ ಆಡ್ತಿದೀರ, ಆ 11,297 ಅನ್ನೋದು ಎಷ್ಟೋ ಮನೇಲಿ ಗಂಡ ಹೆಂಡತಿ ಇಬ್ರೂ ದುಡಿದು ಬರೋದು ಅಂತ ಯಾರಾದ್ರೂ ಹೇಳಿದ್ರಾ? ನಾನು ಇಲ್ಲೇ ಲಾಜಿಸ್ಟಿಕ್ಸ್ ಆಫೀಸಲ್ಲಿ 3,800ಕ್ಕೆ ಕೆಲಸ ಮಾಡ್ತಿದ್ದೆ, ಡಿಪಿ ಮೇಲೆ ಲೆಟರ್ ಆಫ್ ಕನ್ಸೆಂಟ್ (ಕೆಲಸಕ್ಕೆ ಅನುಮತಿ ಪತ್ರ) ತಗೊಂಡು. ಗಂಡನದ್ದು 6,600. ಮನೆಗೆ 10,400 ಬರ್ತಿತ್ತು. 2021ರ ಮೇ 1ರಿಂದ ರೂಲ್ಸ್ ಬದಲಾಯ್ತು, ಡಿಪಿಯವರು ಕೆಲಸ ಮಾಡ್ಬೇಕಂದ್ರೆ ಸ್ವಂತ ವರ್ಕ್ ಪಾಸೇ ಬೇಕು. ನನ್ನ ಲೆಟರ್ ಮುಗಿಯೋವರೆಗೆ ಮಾಡ್ದೆ. ಆಮೇಲೆ ಆಫೀಸಿನವರು ಎಸ್ ಪಾಸ್ (ಇಪಿಗಿಂತ ಕೆಳಗಿನ ವರ್ಕ್ ಪಾಸ್) ಕೋಟಾ ಇಲ್ಲ ಅಂದ್ರು, ಇಪಿಗೆ ನನ್ನ ಸಂಬಳ ಸಾಲಲ್ಲ ಅಂದ್ರು, ಕೇಕ್ ಕಟ್ ಮಾಡಿಸಿ ಕಳಿಸಿಕೊಟ್ರು. ಸಂಜೆ ಎಂಆರ್‌ಟಿ ರೈಲಲ್ಲಿ ಆ ಉಳಿದ ಕೇಕಿನ ಡಬ್ಬ ತೊಡೆ ಮೇಲೆ ಇಟ್ಕೊಂಡು ಬಂದೆ. ಅವತ್ತಿಂದ ಮನೆ ಆದಾಯ 6,600. ಮಗಳ ಡಾನ್ಸ್ ಕ್ಲಾಸ್ ಬಿಡಿಸಿದ್ವಿ, ಎರಡು ವರ್ಷ ಊರಿಗೆ ಹೋಗ್ಲಿಲ್ಲ, ತೆಂಗಿನಕಾಯಿ ತರ್ಕಾರಿಗೂ ಟೆಕ್ಕಾ ಮಾರ್ಕೆಟ್ಟಿಗೆ ಹೋಗೋದು, ಅಲ್ಲಿ ಒಂದೆರಡು ಡಾಲರ್ ಉಳಿಯುತ್ತೆ ಅಂತ. ಹತ್ತು ವರ್ಷದ ಅನುಭವ ಇದ್ದವಳು ನಾನು. ಸರ್ಕಾರದ ಯಾವ ಪಟ್ಟೀಲೂ ಈ 3,800 ಕಳ್ಕೊಂಡಿದ್ದು ಕಾಣಲ್ಲ.

ಮೈಸೂರಿಗೆ_ವಾಪಸ್: ನಾವು 2024ರಲ್ಲಿ ವಾಪಸ್ ಬಂದ್ವಿ, ಬಂದಿದ್ದಕ್ಕೆ ಹೆಮ್ಮೆ ಇದೆ. ಲೇಆಫ್ ಆಯ್ತು, ಇಪಿ ಕ್ಯಾನ್ಸಲ್ ಆದ ಮೇಲೆ 30 ದಿನದ ಪಾಸ್ ಕೊಡ್ತಾರೆ, ಅಷ್ಟರಲ್ಲಿ ಕೆಲಸ ಹುಡುಕ್ಬೇಕು ಇಲ್ಲಾ ಗಂಟುಮೂಟೆ ಕಟ್ಬೇಕು. ಕೊನೆ ಸಂಬಳ ಕೈಗೆ ಬರ್ಲಿಲ್ಲ, ಟ್ಯಾಕ್ಸ್ ಕ್ಲಿಯರೆನ್ಸ್ ಆಗೋವರೆಗೆ ಕಂಪನಿ ತಡೆಹಿಡೀಬೇಕು ಅಂತ ಕಾನೂನೇ ಇದೆ. ಅದೇ ತಿಂಗಳು ಸಾಮಾನು ಸಾಗಿಸೋಕೆ 2,900, ನಾಲ್ಕು ಟಿಕೆಟ್ 1,700, ಮಕ್ಕಳ ಶಾಲೆಯವರು ನೋಟಿಸ್ ಪೀರಿಯಡ್ ಅಂತ ಒಂದು ಟರ್ಮಿನ ಫೀಸ್ ವಾಪಸ್ ಕೊಡ್ಲಿಲ್ಲ, ಇಬ್ಬರದ್ದು ಸೇರಿ 6,200. ಬಾಡಿಗೆ ಅಗ್ರಿಮೆಂಟಲ್ಲಿ ಡಿಪ್ಲೊಮ್ಯಾಟಿಕ್ ಕ್ಲಾಜ್ (ಕೆಲಸ ಹೋಗಿ ದೇಶ ಬಿಡ್ಬೇಕಾದ್ರೆ ಮಧ್ಯದಲ್ಲೇ ಮನೆ ಬಿಡಬಹುದು ಅನ್ನೋ ಷರತ್ತು) ಇತ್ತು ಅಂತ ಬಚಾವ್, ಆದ್ರೂ ಎರಡು ತಿಂಗಳ ನೋಟಿಸಿನ ಬಾಡಿಗೆ ಕೊಟ್ವಿ, ಖಾಲಿ ಮನೆಗೆ! ಈಗ ಮೈಸೂರಲ್ಲಿ 24 ಲಕ್ಷಕ್ಕೆ ಕೆಲಸ, ಸ್ವಂತ ಮನೆ, ಅಪ್ಪ ಅಮ್ಮ ಜೊತೆಗಿದಾರೆ. ಪಿಆರ್ ತಗೋಬಹುದಿತ್ತು, ಹಾಕ್ಲೇ ಇಲ್ಲ. ಮಗನಿಗೂ ಪಿಆರ್ ಬಂದ್ರೆ 18 ಆದ್ಮೇಲೆ ಎರಡು ವರ್ಷ ಎನ್‌ಎಸ್, ಅಂದ್ರೆ ಕಡ್ಡಾಯ ಮಿಲಿಟರಿ ಸೇವೆ. ಒಂದು ಮನೆಗೋಸ್ಕರ ಮಗನ ಎರಡು ವರ್ಷ ಬರ್ಕೊಡೋಕೆ ನಾನು ತಯಾರಿಲ್ಲ.

ಜುರಾಂಗ್_ಹುಬ್ಬಳ್ಳಿ: ನಾಲಿಗಿ ಮ್ಯಾಲೆ ಹಿಡಿತ ಇರ್ಲಿ. ನನ್ನ ಮಗ ಈಗ ಎನ್‌ಎಸ್ ಮಾಡಾಕತ್ತಾನ. ತಲಿ ಬೋಳಿಸಿಕೊಂಡು ಹೋದ ದಿನ ಅವರವ್ವ ಅತ್ತಾಳ, ಈಗ ಶುಕ್ರವಾರ ಮನಿಗೆ ಬಂದ್ರ ತನ್ನ ಬಟ್ಟಿ ತಾನ ಒಗಿತಾನ, ಇಸ್ತ್ರಿ ಹಾಕ್ತಾನ. ಈ ನೆಲದ ಅನ್ನ ಉಂಡು, ಇದರ ಸಾಲ್ಯಾಗ ಕಲಿತು, ಸೇವಾ ಮಾಡಂಗಿಲ್ಲ ಅಂದ್ರ ಅದು ಸರಿಯಲ್ಲ. ಮಗನ್ನ ಯಾರಿಗೂ ಬರ್ಕೊಟ್ಟಿಲ್ಲ ನಾ.

ಮೈಸೂರಿಗೆ_ವಾಪಸ್: ನಿಮ್ಮ ಮಗನ ಬಗ್ಗೆ ನಾನು ಏನೂ ಅಂದಿಲ್ಲ. ನನ್ನ ಮಗನ ಬಗ್ಗೆ ಮಾತ್ರ ಹೇಳಿದ್ದು. ಎಲ್ಲದನ್ನೂ ಮೈಮೇಲೆ ಹಾಕ್ಕೋಬೇಡಿ.

ವೈಟ್‌ಫೀಲ್ಡ್_34: ಎಲ್ರಿಗೂ ಥ್ಯಾಂಕ್ಸ್, ಆದ್ರೆ ಇನ್ನೂ ಗೊಂದಲದಲ್ಲೇ ಇದೀನಿ. ಅಮ್ಮ ಒಬ್ರೇ ಇರೋದು, ಅವರನ್ನೂ ಕರ್ಕೊಂಡು ಬರೋಕೆ ಆಗುತ್ತಾ?

ಲೆಕ್ಕದ_ಮನುಷ್ಯ: ಅಪ್ಪ ಅಮ್ಮನಿಗೆ ಲಾಂಗ್ ಟರ್ಮ್ ಪಾಸ್ ಬೇಕಂದ್ರೆ ಸಂಬಳ 12,000 ಇರ್ಬೇಕು. ಹೆಂಡ್ತಿ ಮಕ್ಕಳಿಗೆ 6,000 ಸಾಕು. ಅದಕ್ಕಿಂತ ಮುಖ್ಯವಾದ ಮಾತು, ನಿಮ್ಮ ಹೆಸರಲ್ಲಿ 34 ಅಂತಿದೆ, ಅದು ವಯಸ್ಸಾಗಿದ್ರೆ ಗಮನ ಕೊಡಿ. 2025ರಿಂದ ಇಪಿಗೆ ಕನಿಷ್ಠ ಸಂಬಳ ಚಿಕ್ಕ ವಯಸ್ಸಿನವರಿಗೆ 5,600, ವಯಸ್ಸಿನ ಜೊತೆ ಏರ್ತಾ ಏರ್ತಾ 40ರ ಮಧ್ಯಕ್ಕೆ 10,700 ಆಗುತ್ತೆ. ಫೈನಾನ್ಸ್ ಕ್ಷೇತ್ರಕ್ಕೆ ಇನ್ನೂ ಜಾಸ್ತಿ. ಮೊದಲ ಪಾಸ್ ಎರಡು ವರ್ಷದವರೆಗೆ ಮಾತ್ರ. ರಿನ್ಯೂವಲ್‌ಗೆ ಬರೋಹೊತ್ತಿಗೆ ನಿಮಗೆ 36, ಆಗ ಇದೇ 8,500 ಆ ವಯಸ್ಸಿನ ಕನಿಷ್ಠಕ್ಕಿಂತ ಒಂಚೂರು ಕೆಳಗೆ ಬೀಳುತ್ತೆ. ಅಂದ್ರೆ ಸಂಬಳ ಏರ್ಲಿಲ್ಲ ಅಂದ್ರೆ ಪಾಸೇ ಹೋಗ್ಬಹುದು. ಜೊತೆಗೆ ಕಂಪಾಸ್ ಅನ್ನೋ ಇಪಿ ಪಾಯಿಂಟ್ ಲೆಕ್ಕದಲ್ಲಿ 40 ಪಾಯಿಂಟ್ ಬೇಕು. ಎಚ್‌ಆರ್ ಹತ್ರ ಎರಡನೇ ವರ್ಷದ ಇನ್‌ಕ್ರಿಮೆಂಟ್ ಬರವಣಿಗೇಲಿ ಕೇಳಿ.

ಪುಂಗೋಲ್_ಬಾಡಿಗೆದಾರ: ಖಾಸಗಿ ಮನೆಗಳ ಬಾಡಿಗೆ 2024ರಲ್ಲಿ ಒಂಚೂರು ಇಳೀತು. ಆ ಮನೆ ಬಿಡೋಕೆ ಮುಂಚೆ ಓನರಿಗೆ ಆ ಸುದ್ದಿ ತೋರ್ಸಿದ್ದೆ, 100 ಡಾಲರ್ ಇಳಿಸಿದ್ರು. 1,200 ಏರಿಸುವಾಗ ಒಂದು ವಾಟ್ಸಾಪ್ ಮೆಸೇಜಲ್ಲಿ ಮುಗಿದಿತ್ತು, ಈ ನೂರಕ್ಕೆ ಒಂದು ತಿಂಗಳು ಗೋಗರೆದಿದೀನಿ.

ಜುರಾಂಗ್_ಹುಬ್ಬಳ್ಳಿ: ಅದಕ್ಕ ಹೇಳೀದ್ನಿ ಸ್ವಂತ ಮನಿ ಬೇಕಂತ.

ಪುಂಗೋಲ್_ಬಾಡಿಗೆದಾರ: ವಿದೇಶಿಯರು ಮನೆ ತಗೊಂಡ್ರೆ 2023ರ ಏಪ್ರಿಲ್‌ನಿಂದ 60% ಹೆಚ್ಚುವರಿ ಡ್ಯೂಟಿ ಇದೆ ಸರ್, ಅರವತ್ತು! ಎಚ್‌ಡಿಬಿ ಅಂತೂ ಮುಟ್ಟೋ ಹಾಗೇ ಇಲ್ಲ. ಎಲ್ಲಿಂದ ತಗೊಳ್ಳಿ?

ಸೆಂಗ್‌ಕಾಂಗ್_ಅಮ್ಮ: ನೀವಿಬ್ರೂ ನಿಲ್ಸಿ. ವೈಟ್‌ಫೀಲ್ಡ್ ಅವರೇ, ನಿಮ್ಮ ಹೆಂಡ್ತಿ ರಾಜೀನಾಮೆ ಬರೀಬಾರ್ದು. ಬ್ಯಾಂಕಲ್ಲಿ ಸಂಬಳ ಇಲ್ಲದ ರಜೆ ಎಷ್ಟು ದಿನ ಸಿಗುತ್ತೆ ಅಂತ ಮೊದ್ಲು ಕೇಳ್ಲಿ. ನೀವು ಮುಂದೆ ಬಂದು ರೂಮ್ ಮಾಡ್ಕೊಂಡು ಪ್ರೊಬೇಷನ್ ಮುಗಿಸಿ. ಆಮೇಲೆ ಅವರಿಗೆ ಸ್ವಂತ ಇಪಿ ಕೊಡೋ ಕೆಲಸ ಸಿಕ್ಕಿದ್ರೆ ಮಕ್ಕಳ ಶಾಲೆ ಮಾತು. ಸಿಗದಿದ್ರೆ ಏನು ಮಾಡ್ಬೇಕು ಅನ್ನೋದನ್ನ ಅವರೇ ತೀರ್ಮಾನ ಮಾಡ್ಲಿ.