ಇನ್‌ಸ್ಟಾಲೇಶನ್‌ಗೆ ‘ಪ್ರತಿಷ್ಠಾಪನೆ’ ಸರಿಹೋಗುತ್ತದೆಯೇ?

ಗೆಳೆಯರೇ, ನಮಸ್ಕಾರ.

ಬೆಂಗಳೂರಿನ ಒಂದು ಕಲಾಸಂಸ್ಥೆಯವರು ಮುಂದಿನ ಕೆಲವು ತಿಂಗಳ ಸಮಕಾಲೀನ ಕಲಾ ಪ್ರದರ್ಶನಗಳ ಕೈಪತ್ರವನ್ನು ಕನ್ನಡದಲ್ಲೂ ಅಚ್ಚು ಹಾಕಿಸುತ್ತಿದ್ದಾರೆ. ಅದನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಇಂಥ ಕಾಗದ ಕನ್ನಡದಲ್ಲಿ ಬರುವುದೇ ಅಪರೂಪ. ಹಾಗಾಗಿ ಖುಷಿಯಿಂದ ಒಪ್ಪಿಕೊಂಡೆ. ‘ಮುಂಬರುವ ಪ್ರದರ್ಶನಗಳು’, ‘ಮಿಶ್ರ ಮಾಧ್ಯಮ’ ಇವೆಲ್ಲ ಸಲೀಸಾಗಿ ಬಂದವು. ನಿಂತುಹೋಗಿರುವುದು ಇನ್‌ಸ್ಟಾಲೇಶನ್ ಅನ್ನುವ ಪದದ ಹತ್ತಿರ. ಅಂದರೆ ಒಂದು ಜಾಗದಲ್ಲಿ ಬೇರೆ ಬೇರೆ ವಸ್ತುಗಳನ್ನು ಸೇರಿಸಿ ಎಬ್ಬಿಸುವ ಕಲಾಕೃತಿ.

ಪತ್ರಿಕೆಗಳಲ್ಲಿ ಇದಕ್ಕೆ ‘ಪ್ರತಿಷ್ಠಾಪನಾ ಕಲೆ’ ಅಂತ ಬರೆಯುವುದು ರೂಢಿ. ಓದಿದ ತಕ್ಷಣ ದೇವಸ್ಥಾನ ನೆನಪಾಗುತ್ತದೆ, ಅಲ್ವಾ? ಮುಹೂರ್ತ ನೋಡಿ, ಮಂತ್ರ ಹೇಳಿ, ಅಷ್ಟಬಂಧ ಹಾಕಿ ವಿಗ್ರಹವನ್ನು ಪೀಠಕ್ಕೆ ಗಟ್ಟಿ ಮಾಡುತ್ತಾರೆ. ಆಮೇಲೆ ಅದು ಅಲುಗಬಾರದು. ಇನ್‌ಸ್ಟಾಲೇಶನ್ ಹಾಗಲ್ಲ. ಪ್ರದರ್ಶನ ಮುಗಿದ ಮೇಲೆ ಬಿಚ್ಚಿ ಕಟ್ಟಿಡುತ್ತಾರೆ. ಇನ್ನೊಂದು ಊರಿನ ಹಾಲ್‌ನಲ್ಲಿ ಮತ್ತೆ ಎಬ್ಬಿಸಿದಾಗ ಅದರ ಅಳತೆ, ತಿರುವು ಎಲ್ಲ ಬೇರೆ ಆಗಬಹುದು.

ಗಣೇಶನನ್ನೂ ಪ್ರತಿಷ್ಠಾಪನೆ ಮಾಡಿ ಆಮೇಲೆ ನೀರಿಗೆ ಬಿಡುತ್ತೇವಲ್ಲ ಅಂತ ನೀವು ಕೇಳಬಹುದು. ಸರಿಯಾದ ಮಾತೇ. ಆದರೆ ನನಗೆ ಜಾಸ್ತಿ ತೊಡಕು ಅನ್ನಿಸುವುದು ಇನ್ನೊಂದು ಕಡೆ. ದೇವರ ಎದುರು ನಾವು ಹೊರಗೆ ನಿಂತು ಕೈಮುಗಿಯುತ್ತೇವೆ. ಗರ್ಭಗುಡಿಯೊಳಗೆ ಹೋಗುವುದಿಲ್ಲ. ಎಷ್ಟೋ ಇನ್‌ಸ್ಟಾಲೇಶನ್‌ಗಳಲ್ಲಿ ಒಳಗೆ ಹೋಗದಿದ್ದರೆ ನೋಡಿದ ಹಾಗೇ ಅಲ್ಲ.

ಭದ್ರಾವತಿಯಲ್ಲಿ ಹುಟ್ಟಿದ, ಬೆಂಗಳೂರಿನಲ್ಲಿರುವ ಕಲಾವಿದೆ ಶೀಲಾ ಗೌಡ ಅವರ ‘ಡಾರ್ಕ್‌ರೂಮ್’ (2006) ತಗೊಳ್ಳಿ. ರಸ್ತೆಗೆ ಹಾಕುವ ಡಾಂಬರು ಬರುತ್ತದಲ್ಲ, ಆ ಡ್ರಮ್ಮುಗಳಿಂದಲೇ ಕಟ್ಟಿದ ಒಂದು ಕೋಣೆ ಅದು. ಕೆಲವು ಡ್ರಮ್ಮು ಕಂಬದ ಹಾಗೆ ಇಡಿಯಾಗಿ ನಿಂತಿವೆ, ಕೆಲವನ್ನು ಸೀಳಿ ತಗಡು ಮಾಡಿದ್ದಾರೆ. ಹೊರಗಿನಿಂದ ನೋಡಿದರೆ ಕೋಟೆಯ ಗತ್ತು. ಒಳಗೆ ಹೋಗಬೇಕಾದರೆ ಬಗ್ಗಲೇಬೇಕು. ಒಳಗೆ ಕತ್ತಲು. ತಲೆ ಎತ್ತಿದರೆ ಚಾವಣಿಯ ಸಣ್ಣ ಸಣ್ಣ ತೂತುಗಳಿಂದ ಬೆಳಕು, ನಕ್ಷತ್ರ ತುಂಬಿದ ಆಕಾಶದಂತೆ. ರಸ್ತೆ ಕೆಲಸದವರು ಇಂಥದ್ದೇ ತಗಡಿನಿಂದ ದಾರಿಯ ಪಕ್ಕ ಗುಡಿಸಲು ಮಾಡಿಕೊಂಡಿರುವುದನ್ನು ನಾವೆಲ್ಲ ನೋಡಿದ್ದೇವೆ. ಇದಕ್ಕೆ ‘ಪ್ರತಿಷ್ಠಾಪನೆ’ ಅಂತ ಚೀಟಿ ಅಂಟಿಸಲು ನನಗೆ ಮನಸ್ಸು ಬರುತ್ತಿಲ್ಲ.

ಬೇರೆ ಏನಿದೆ? ‘ಸ್ಥಾಪನೆ’ ಅಂದರೆ ಸಂಘ, ಕಾರ್ಖಾನೆ. ‘ಜೋಡಣೆ’ ಅಂದರೆ ಬಿಡಿಭಾಗ. ಆಡುಮಾತಿನಲ್ಲಿ ‘ಕೂರಿಸು’ ಇದೆ. ಗಣೇಶನನ್ನು ಕೂರಿಸುತ್ತೇವೆ, ದಸರೆಗೆ ಗೊಂಬೆ ಕೂರಿಸುತ್ತೇವೆ. ಗೊಂಬೆ ಕೂರಿಸುವುದು ಬಹಳ ಹತ್ತಿರದ ಕೆಲಸ: ಒಂದು ಕೋಣೆ, ಒಂದಷ್ಟು ದಿನ, ನೋಡಲು ಬರುವ ಜನ. ಆದರೆ ಅದೇ ಕಲಾವಿದೆ ಸೂಜಿಗಳಿಗೆ ಪೋಣಿಸಿದ ದಾರಗಳನ್ನು ಕುಂಕುಮ, ಗೋಂದು ಸವರಿ ಕೆಂಪು ಹಗ್ಗ ಮಾಡಿ ಗೋಡೆ ತುಂಬ ಇಳಿಬಿಟ್ಟಿದ್ದಾರಲ್ಲ, ಅದನ್ನು ‘ಕೂರಿಸಿದ್ದಾರೆ’ ಅನ್ನಲು ಬರುವುದಿಲ್ಲ.

ಹಾಗೆ ಹುಡುಕುತ್ತಾ ಸಿಕ್ಕಿದ್ದು ‘ಹೂಡು’. ಒಲೆ ಹೂಡುತ್ತೇವೆ. ಡೇರೆ ಹೂಡುತ್ತೇವೆ. ಆ ರಸ್ತೆ ಕೆಲಸದವರು ಬಿಡಾರ ಹೂಡುತ್ತಾರೆ. ಕೈಗೆ ಸಿಕ್ಕಿದ್ದನ್ನು ಸೇರಿಸಿ ಒಂದು ಜಾಗದಲ್ಲಿ ಎಬ್ಬಿಸುವುದು, ಬೇಕಾದಾಗ ಕಿತ್ತುಕೊಂಡು ಹೋಗುವುದು, ಎರಡೂ ಅದರಲ್ಲಿದೆ. ಕ್ರಿಯಾಪದವಾಗಿ ಸೊಗಸಾಗಿ ಕೂರುತ್ತದೆ: ‘ಡಾಂಬರು ಡ್ರಮ್ಮುಗಳಿಂದ ಹೂಡಿದ ಕೋಣೆ’. ನಾಮಪದಕ್ಕೆ ಬಂದಾಗ ಕಷ್ಟ. ‘ಹೂಡಿಕೆ’ಯನ್ನು ಷೇರುಪೇಟೆಯವರು ಪೂರ್ತಿ ತಮ್ಮದು ಮಾಡಿಕೊಂಡುಬಿಟ್ಟಿದ್ದಾರೆ. ‘ಕಲಾ ಹೂಡಿಕೆ’ ಅಂದರೆ ಚಿತ್ರ ಕೊಂಡು ದುಡ್ಡು ಮಾಡುವ ದಾರಿ ಅಂತಲೇ ಓದುತ್ತಾರೆ. ‘ಹೂಟ’ ಅನ್ನಬಹುದೇ? ಉಳುಮೆಯ ವಾಸನೆ ಬರುತ್ತದೆ, ಅದು ನನಗೆ ಇಷ್ಟವೇ. ‘ಹೂಡುಗಲೆ’ ಅಂತ ಒಂದು ಬರೆದು ನೋಡಿದೆ. ಬಾಯಲ್ಲಿ ನಿಲ್ಲುವುದೋ ಇಲ್ಲವೋ ನೀವೇ ಹೇಳಬೇಕು.

ಪ್ರದರ್ಶನಕ್ಕೆ ಕೃತಿಗಳನ್ನು ಆರಿಸಿ ಹೊಂದಿಸುವ ‘ಕ್ಯುರೇಟರ್’ ಅನ್ನು ಹಾಗೇ ಬಿಡೋಣ ಅಂದುಕೊಂಡಿದ್ದೇನೆ. ಪಿಚ್ ಕ್ಯುರೇಟರ್ ಅಂತ ಕ್ರಿಕೆಟ್ ಪುಟದಲ್ಲಿ ದಿನಾ ಓದುತ್ತೇವೆ, ಪದ ಹೊಸದೇನಲ್ಲ. ಎರಡು ವರ್ಷಕ್ಕೊಮ್ಮೆಯ ಕಲಾಮೇಳವಾದ ಕೊಚ್ಚಿ ಬಿನಾಲೆಗೆ 2016ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಲಾವಿದ ಸುದರ್ಶನ್ ಶೆಟ್ಟಿ ಕ್ಯುರೇಟರ್ ಆಗಿದ್ದರು. ಅವರನ್ನು ಸುಮ್ನೆ ‘ಸಂಯೋಜಕ’ ಅಂದರೆ ಕುರ್ಚಿ, ಮೈಕು ಹೊಂದಿಸಿದವರು ಅನ್ನಿಸಿಬಿಡುತ್ತದೆ. ಬೇಕಾದ್ದನ್ನು ಆರಿಸಿ, ಒಂದರ ಪಕ್ಕ ಒಂದಿಟ್ಟು ಅರ್ಥ ಹುಟ್ಟಿಸುವ ಕೆಲಸಕ್ಕೆ ‘ಸಂಪಾದಕ’ ಹತ್ತಿರ ಇದೆ. ಆದರೆ ಅದಕ್ಕೆ ಪತ್ರಿಕೆ ಅಡ್ಡ ಬರುತ್ತದೆ.

ಈಗ ನನ್ನ ಪ್ರಶ್ನೆ. ‘ಹೂಟ’ವನ್ನು ಉಳುಮೆ ಬಿಟ್ಟು ಬೇರೆ ಯಾವುದಾದರೂ ಅರ್ಥದಲ್ಲಿ ನಿಮ್ಮ ಕಡೆ ಈಗಲೂ ಆಡುತ್ತಾರಾ? ಜಾತ್ರೆ, ಚಪ್ಪರ, ಬಯಲಾಟದ ರಂಗ ಕಟ್ಟುವವರು ಆ ಕೆಲಸಕ್ಕೆ ಏನನ್ನುತ್ತಾರೆ? ಕೈಪತ್ರ ಅಚ್ಚಿಗೆ ಹೋಗುವ ಮುಂಚೆ ತಿಳಿದರೆ ಒಳ್ಳೆಯದು. ಒಮ್ಮತ ಆಗದಿದ್ದರೆ ‘ಇನ್‌ಸ್ಟಾಲೇಶನ್’ ಅಂತಲೇ ಇಟ್ಟು, ಕೆಳಗಿನ ವಿವರಣೆಯಲ್ಲಿ ‘ಹೂಡಿದ್ದಾರೆ’ ಅಂತ ಬರೆಯುತ್ತೇನೆ.