ಜಿಪ್ಸಿಯ ಡಿಫ್ ಆಯಿಲ್ ಹಾಲು ಕಾಫಿ ಬಣ್ಣ ಆಗಿದೆ, ಮಳೆ ಹಿಡಿಯುವ ಮೊದಲು ಎಂತೆಲ್ಲ ಮಾಡ್ಬೇಕು?

ಕಾಪು_ಜಿಪ್ಸಿ

ಗಾಡಿ 2009ರ ಜಿಪ್ಸಿ ಕಿಂಗ್, ಸಾಫ್ಟ್ ಟಾಪ್. ಕೋಡಿಬೆಂಗ್ರೆ ಬದಿಯ ಹೊಳೆಯಲ್ಲಿ ಎರಡು ಸಲ ಇಳಿದದ್ದು ಉಂಟು, ನೀರು ಚಕ್ರದ ಮಧ್ಯಕ್ಕಿಂತ ನಾಲ್ಕು ಬೆರಳು ಮೇಲೆ. ಅಲ್ಲಿ ಸಮುದ್ರದ ನೀರು ಒಳಗೆ ಬರುವುದರಿಂದ ಉಪ್ಪುನೀರು ಅಂತಲೇ ಲೆಕ್ಕ.

ಈಗಿನ ಸ್ಥಿತಿ (ಡಿಫ್ ಅಂದ್ರೆ ಆಕ್ಸಲ್ ಮಧ್ಯದ ಗೇರ್ ಗುಂಡು, ಡಿಫರೆನ್ಷಿಯಲ್): ಹಿಂದಿನ ಡಿಫ್‌ನ ಫಿಲ್ಲರ್ ಪ್ಲಗ್ ಬಿಚ್ಚಿ ಬೆರಳು ಹಾಕಿದ್ರೆ ಆಯಿಲ್ ಹಾಲು ಕಾಫಿ ಬಣ್ಣ. ಮುಂದಿನದ್ದು ಕಪ್ಪಗೇ ಉಂಟು, ಆದ್ರೆ ಬಲಗಡೆ ಮುಂದಿನ ಚಕ್ರದ ಒಳಬದಿಗೆ ಗ್ರೀಸ್, ಆಯಿಲ್ ಕಲಸಿದ ಅಂಬಲಿ ಥರದ್ದು ಇಳಿದಿದೆ. 60 ಕಿ.ಮೀ. ವೇಗದ ಹತ್ತಿರ ಸ್ಟೇರಿಂಗ್ ನಡುಗ್ತದೆ. ಚಾಸಿಸ್‌ನಲ್ಲಿ ಅಲ್ಲಲ್ಲಿ ತುಕ್ಕಿನ ಹೊಪ್ಪಳೆ.

ಸಾಕೆಟ್ ಸೆಟ್, ನಾಲ್ಕು ಜಾಕ್ ಸ್ಟ್ಯಾಂಡ್, ಗ್ರೀಸ್ ಗನ್, ಗ್ರೈಂಡರ್ ಉಂಟು. ಆಯಿಲ್ ಬದಲಿಸಿದ್ರೆ ಸಾಕಾ? ಅಡಿಗೆ ಎಂತ ಹೊಡೆಯುದು? ಸ್ನಾರ್ಕಲ್ (ಎಂಜಿನ್ನಿಗೆ ಎತ್ತರದಿಂದ ಗಾಳಿ ಎಳೆಯುವ ಪೈಪ್) ಹಾಕ್ಬೇಕಾ?

ಲೋ_ರೇಂಜ್

ಆಯಿಲ್ ಮಾತ್ರ ಬದಲಿಸಿದ್ರೆ ಮುಂದಿನ ಸಲ ನೀರಿಗಿಳಿದಾಗ ಇದೇ ಕತೆ. ನೀರು ಒಳಗೆ ಹೋದ ದಾರಿ ಮೊದಲು ನೋಡಿ. ನೀವು ಹೇಳಿದ ಎರಡು ತೊಂದರೆ, ಅಂದ್ರೆ ಹಿಂದಿನ ಹಾಲು ಕಾಫಿ, ಮುಂದಿನ ಅಂಬಲಿ, ಇವೆರಡರ ಮೂಲ ಒಂದೇ ಇರುವ ಸಾಧ್ಯತೆ ಜಾಸ್ತಿ: ಬ್ರೀದರ್ ಕಟ್ಟಿಕೊಂಡಿದೆ.

ಆಕ್ಸಲ್ ಹೌಸಿಂಗ್ ಮೇಲೆ ಹೆಬ್ಬೆರಳಿನ ತುದಿಯಷ್ಟು ದೊಡ್ಡದೊಂದು ಟೊಪ್ಪಿ ಇರ್ತದಲ್ಲ, ಅದೇ ಬ್ರೀದರ್. ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿದಾಗ ಹೊರಗೆ ಬಿಡುವುದು ಅದರ ಕೆಲಸ. ನಮ್ಮ ಕೆಂಪು ಮಣ್ಣಿನ ಕೆಸರು ಅದರ ಮೇಲೆ ಒಣಗಿದ್ರೆ ಸಿಮೆಂಟ್ ಹಾಕಿದ ಹಾಗೆ. ಆಗ ಒತ್ತಡಕ್ಕೆ ಬೇರೆ ದಾರಿ ಇಲ್ಲದೆ ಆಯಿಲ್ ಮುಂದಿನ ಒಳ ಸೀಲ್ ದಾಟಿ ನಕಲ್‌ಗೆ (ಸ್ಟೇರಿಂಗ್ ತಿರುಗಿಸಿದಾಗ ಮುಂದಿನ ಚಕ್ರ ತಿರುಗುವ ಕೀಲು) ನುಗ್ತದೆ, ಅಲ್ಲಿರುವ ಗ್ರೀಸನ್ನು ಕರಗಿಸ್ತದೆ. ನಿಮ್ಮ ಅಂಬಲಿ ಅದೇ.

ನೀರಿಗಿಳಿದಾಗ ಇದರ ಉಲ್ಟಾ. 80 ಡಿಗ್ರಿ ಬಿಸಿಯಿದ್ದ ಹೌಸಿಂಗ್ 30 ಡಿಗ್ರಿ ನೀರಿಗೆ ಬಿದ್ರೆ ಒಳಗಿನ ಗಾಳಿ ಸುಮಾರು 14 ಶೇಕಡಾ ಕುಗ್ತದೆ. ಒಂದು ಲೀಟರ್ ಗಾಳಿಗೆ 140 ಮಿ.ಲೀ. ಜಾಗ ಖಾಲಿ. ಆಯಿಲ್ ಸೀಲ್‌ನ ತುಟಿ ಆಯಿಲನ್ನು ಒಳಗೆ ಹಿಡಿಯಲಿಕ್ಕೆ ಇರುವುದೇ ಹೊರತು ಹೊರಗಿನ ನೀರನ್ನು ತಡೆಯಲಿಕ್ಕಲ್ಲ. ಆ ಖಾಲಿ ಜಾಗಕ್ಕೆ ಹೊಳೆಯೇ ಬರ್ತದೆ.

ಈಗ ಕೆಲಸ. ಗಾಡಿಯನ್ನು ಸಮತಟ್ಟಿನಲ್ಲಿ ಒಂದು ರಾತ್ರಿ ನಿಲ್ಲಿಸಿ. ಬೆಳಿಗ್ಗೆ ಮೊದಲು ಫಿಲ್ಲರ್ ಪ್ಲಗ್ ಬಿಚ್ಚಿ, ಆಮೇಲೆ ಡ್ರೈನ್ ಪ್ಲಗ್. ಆಯಿಲ್ ಎಲ್ಲ ಇಳಿಸಿದ ಮೇಲೆ ಫಿಲ್ಲರ್ ಜಾಮ್ ಅಂತ ಗೊತ್ತಾದ್ರೆ ಗಾಡಿ ಅಂಗಳದಲ್ಲೇ ಬಾಕಿ. ಡ್ರೈನ್ ಪ್ಲಗ್ ಸ್ವಲ್ಪ ಸಡಿಲಿಸಿದಾಗ ಮೊದಲು ತಿಳಿ ನೀರು ಬಂದ್ರೆ ಅದು ತಳಕ್ಕೆ ಕೂತ ನೀರು. ಉಳಿದದ್ದು ಆಯಿಲ್‌ನೊಟ್ಟಿಗೆ ಕಲಸಿಹೋಗಿರ್ತದೆ, ಎಷ್ಟು ದಿನ ಬಿಟ್ರೂ ಪೂರ್ತಿ ಬೇರೆ ಆಗುದಿಲ್ಲ.

ಪ್ಲಗ್‌ನ ತುದಿಗೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಅಂಟಿದ್ರೆ ಮಾಮೂಲಿ. ಉಗುರಿಗೆ ಸಿಗುವ ಚೂರು ಬಂದ್ರೆ ಬೇರಿಂಗ್ ಅಥವಾ ಹಲ್ಲು ಹೋಗಿದೆ, ಅಲ್ಲಿಗೆ ನಿಲ್ಲಿಸಿ ಕ್ಯಾರಿಯರ್ (ಡಿಫ್ ಗೇರ್ ಕೂತ ಭಾಗ) ಇಳಿಸಿ ನೋಡ್ಬೇಕು.

ಪೂರ್ತಿ ಇಳಿದ ಮೇಲೆ ಅರ್ಧ ಲೀಟರ್ ಡೀಸೆಲ್ ಹಾಕಿ, ಎರಡೂ ಹಿಂದಿನ ಚಕ್ರ ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ, ಮುಂದಿನ ಚಕ್ರಕ್ಕೆ ಅಡ್ಡ ಇಟ್ಟು, ನ್ಯೂಟ್ರಲ್‌ನಲ್ಲಿ ಕೈಯಲ್ಲಿ ಐದು ನಿಮಿಷ ತಿರುಗಿಸಿ. ಎಂಜಿನ್ ಸ್ಟಾರ್ಟ್ ಮಾಡಿ ತಿರುಗಿಸ್ಬೇಡಿ, ಡೀಸೆಲ್‌ಗೆ ಹಲ್ಲುಗಳ ಒತ್ತಡ ತಡೆಯುವ ತಾಕತ್ತಿಲ್ಲ. ಇಳಿಸಿ, ಒಂದು ಗಂಟೆ ಸೋರಲಿಕ್ಕೆ ಬಿಡಿ. ಆಮೇಲೆ ಅಗ್ಗದ 90 ನಂಬರ್ ಆಯಿಲ್ ತುಂಬಿ 100 ಕಿ.ಮೀ. ಓಡಿಸಿ, ಮತ್ತೆ ಇಳಿಸಿ. ಎರಡನೇ ಸಲ ತಿಳಿಯಾಗಿ ಬಂದ್ರೆ ಒಳ್ಳೆಯ 80ಡಬ್ಲ್ಯು-90 (ಆಯಿಲಿನ ದಪ್ಪ), ಜಿಎಲ್-5 (ಗೇರ್ ಆಯಿಲಿನ ದರ್ಜೆ) ಹಾಕಿ.

ಹಿಂದೆ 1.5 ಲೀಟರ್, ಮುಂದೆ 2 ಲೀಟರ್, ಟ್ರಾನ್ಸ್‌ಫರ್ ಕೇಸಿಗೆ (ಎಂಜಿನ್ ಶಕ್ತಿಯನ್ನು ಮುಂದೆ ಹಿಂದೆ ಹಂಚುವ ಪೆಟ್ಟಿಗೆ) 0.8. ಗೇರ್‌ಬಾಕ್ಸ್ 1.3, ಆದ್ರೆ ಅದಕ್ಕೆ ಜಿಎಲ್-4 ಹಾಕಿ. ಜಿಎಲ್-5ರಲ್ಲಿರುವ ಗಂಧಕದ ಅಂಶ ಹಿತ್ತಾಳೆ ಸಿಂಕ್ರೊ ರಿಂಗನ್ನು ತಿನ್ನಬಹುದು. ಫ್ರೀವೀಲ್ ಹಬ್ (ಮುಂದಿನ ಚಕ್ರವನ್ನು ಆಕ್ಸಲಿಗೆ ಸೇರಿಸಿ ಬಿಡಿಸುವ ಬೀಗ) ಇದ್ರೆ ಮುಂದಿನದ್ದನ್ನು ತೊಳೆಯುವಾಗ ಲಾಕ್ ಮಾಡಿ, ಇಲ್ಲದಿದ್ರೆ ಚಕ್ರ ಮಾತ್ರ ತಿರುಗ್ತದೆ.

ಬ್ರೀದರ್‌ಗೆ: ಹಳೆಯದನ್ನು ಬಿಚ್ಚಿ ಕೈಯಲ್ಲೇ ಹಿಡಿದುಕೊಂಡು ಅಂಗಡಿಗೆ ಹೋಗಿ, ಅದೇ ತ್ರೆಡ್‌ನ ಹೋಸ್ ನಿಪ್ಪಲ್ ತನ್ನಿ. ಒಳವ್ಯಾಸ 6ರಿಂದ 8 ಮಿ.ಮೀ. ಇರುವ ಫ್ಯುಯೆಲ್ ಹೋಸ್ ಬೇಕು, ನೀರಿನ ಪಾರದರ್ಶಕ ಪೈಪ್ ಬೇಡ, ಅದು ಬಿಸಿಗೆ ಮೆತ್ತಗಾಗಿ ಮಡಚಿಕೊಳ್ತದೆ. ಹಿಂದಿನದ್ದನ್ನು ಟೈಲ್ ಲ್ಯಾಂಪಿನ ಎತ್ತರಕ್ಕೆ, ಮುಂದಿನದ್ದನ್ನು ಎಂಜಿನ್ ಹಿಂದಿನ ಗೋಡೆಯ ಮೇಲ್ತುದಿಗೆ ಒಯ್ಯಿರಿ. ಚಕ್ರ ಪೂರ್ತಿ ಕೆಳಗೆ ಜೋತಾಡುವಾಗ ಹೋಸ್ ಎಳೆಯದ ಹಾಗೆ ಸಡಿಲ ಇಡಿ, ಆದ್ರೆ ಎಲ್ಲಿಯೂ ಜೋಕಾಲಿ ಥರ ಕೆಳಗೆ ಬಗ್ಗಿ ಮತ್ತೆ ಮೇಲೆ ಹೋಗಬಾರದು, ಆ ತಗ್ಗಿನಲ್ಲಿ ಆಯಿಲ್ ನಿಂತು ದಾರಿ ಮುಚ್ತದೆ. ಸೈಲೆನ್ಸರ್‌ನಿಂದ ದೂರ. ತುದಿಗೆ ಬೈಕಿನ ಚಿಕ್ಕ ಪೆಟ್ರೋಲ್ ಫಿಲ್ಟರ್ ಸಿಕ್ಕಿಸಿ ಬಾಯಿ ಕೆಳಗೆ ಮಾಡಿ. ಕೊನೆಗೆ ಬಾಯಲ್ಲಿ ಊದಿ ನೋಡಿ, ಗಾಳಿ ಸಲೀಸಾಗಿ ಹೋಗ್ಬೇಕು.

ಗ್ರೀಸ್_ಕೈ

ಮೇಲಿನದ್ದೆಲ್ಲ ಸರಿ. ಬ್ರೀದರ್ ಸರಿ ಮಾಡಿದ್ರೂ ಮುಂದಿನ ಬಲಗಡೆಯ ಒಳ ಸೀಲ್ ಈಗಾಗಲೇ ಹೋಗಿರ್ತದೆ, ಅದನ್ನು ಬದಲಿಸಲೇಬೇಕು.

ನಡುಕಕ್ಕೆ ಮೊದಲು ಟಯರ್ ಬ್ಯಾಲೆನ್ಸ್, ಟೈ ರಾಡ್ ಎಂಡ್ ನೋಡಿ. ಆಮೇಲೆ ಚಕ್ರ ಎತ್ತಿ ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲ್ಲಾಡಿಸಿ. ಆಟ ಉಂಟಾದ್ರೆ ಒಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲಿಕ್ಕೆ ಹೇಳಿ. ಆಗ ಆಟ ನಿಂತ್ರೆ ವೀಲ್ ಬೇರಿಂಗ್. ನಿಲ್ಲದಿದ್ರೆ ಕಿಂಗ್ ಪಿನ್ ಬೇರಿಂಗ್, ಅಂದ್ರೆ ನಕಲ್ ತಿರುಗುವ ಪಿನ್ನಿನದ್ದು. ನಿಮ್ಮದು ಎರಡನೆಯದೇ ಅಂತ ನನ್ನ ಅಂದಾಜು, ಯಾಕಂದ್ರೆ ಗ್ರೀಸ್ ತೊಳೆದುಹೋದ ನಕಲ್‌ನಲ್ಲಿ ಕೆಳಗಿನ ಕಿಂಗ್ ಪಿನ್ ಬೇರಿಂಗ್ ನೀರಲ್ಲೇ ಕೂತಿರ್ತದೆ.

ನಕಲ್ ಬಿಚ್ಚುವಾಗ ಕ್ಯಾಲಿಪರನ್ನು ಬ್ರೇಕ್ ಹೋಸಿನಲ್ಲಿ ನೇತುಹಾಕ್ಬೇಡಿ, ಸರಿಗೆಯಲ್ಲಿ ಸ್ಪ್ರಿಂಗಿಗೆ ಕಟ್ಟಿ. ಮೇಲಿನ ಪಿನ್, ಕೆಳಗಿನ ಪಿನ್, ಅವುಗಳ ಶಿಮ್ (ತೆಳ್ಳನೆ ತಗಡಿನ ಬಿಲ್ಲೆ) ಬೇರೆ ಬೇರೆ ಡಬ್ಬಿಯಲ್ಲಿ ಗುರುತು ಹಾಕಿ ಇಡಿ. ಶಿಮ್ ತೆಗೆದಷ್ಟೂ ಬೇರಿಂಗ್ ಬಿಗಿಯಾಗ್ತದೆ. ಅಂದಾಜಿಗೆ ಬಿಗಿ ಮಾಡ್ಬೇಡಿ, ನಕಲ್ ಸೀಲ್ ಹಾಕದೆ, ಟೈ ರಾಡ್ ಸೇರುವ ತೂತಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು, ಸರ್ವಿಸ್ ಮ್ಯಾನ್ಯುಯಲಿನ ಅಂಕಿಗೆ ತನ್ನಿ. ಮೀನು ತೂಗುವ ಚಿಕ್ಕ ತಕ್ಕಡಿ ಧಾರಾಳ ಸಾಕು.

ಹೊಸ ಒಳ ಸೀಲ್‌ನ ತುಟಿ ಡಿಫ್ ಕಡೆಗೆ ಇರಲಿ. ಹೆಚ್ಚಿನವರು ಕೆಡಿಸುವುದು ಇದಾದ ಮೇಲೆ: ಆಕ್ಸಲ್ ಶಾಫ್ಟ್ ತೂರಿಸುವಾಗ ಅದರ ಹಲ್ಲು ಸೀಲಿನ ತುಟಿ ಮೇಲೆ ಉಜ್ಜಿಕೊಂಡು ಹೋಗ್ತದೆ, ಹೊಸ ಸೀಲ್ ಅಲ್ಲೇ ಹರಿಯಿತು. ಕೆಳಗಿನಿಂದ ಕೈಕೊಟ್ಟು ಶಾಫ್ಟ್ ಎತ್ತಿ ಹಿಡಿದು ನಿಧಾನ ಕಳಿಸಿ.

ವೀಲ್ ಬೇರಿಂಗ್ ಹೇಗೂ ಹೊರಗೆ ಬಂದಿರ್ತದೆ. ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ. ಕಂಪ್ರೆಸರ್ ಗಾಳಿಯಲ್ಲಿ ಗಿರಗಿರ ತಿರುಗಿಸುವ ಆಟ ಬೇಡ. ನೀಲಿ ಕಲೆ, ಸೂಜಿ ಚುಚ್ಚಿದಂತಹ ಗುಳಿ ಕಂಡ್ರೆ ಒಳಗಿನದ್ದು, ಹೊರಗಿನ ಕಪ್ ಎರಡನ್ನೂ ಒಟ್ಟಿಗೆ ಬದಲಿಸಿ. ಸರಿ ಇದ್ರೆ ಎಡ ಅಂಗೈ ಮೇಲೆ ನಿಂಬೆ ಗಾತ್ರದ ಗ್ರೀಸ್ ಇಟ್ಟು, ಬೇರಿಂಗಿನ ಅಗಲದ ಅಂಚನ್ನು ಅದಕ್ಕೆ ಒತ್ತಿ ಒತ್ತಿ ಎಳೆಯಿರಿ. ರೋಲರ್‌ಗಳ ನಡುವಿಂದ ಮೇಲ್ಗಡೆಗೆ ಗ್ರೀಸ್ ಶ್ಯಾವಿಗೆ ಥರ ಹೊರಡ್ತದೆ. ಅಷ್ಟು ಬಂದ ಮೇಲೆ ಒಂದು ರೋಲರ್ ಮುಂದೆ ತಿರುಗಿಸಿ, ಹೀಗೆ ಸುತ್ತಲೂ. ಹೊರಗಿಂದ ಸವರಿದ್ರೆ ಒಳಗೆ ಏನೂ ಹೋಗಿರುದಿಲ್ಲ. ಉಪ್ಪುನೀರಿಗೆ ಇಳಿಯುವ ಗಾಡಿಗೆ ಕ್ಯಾಲ್ಸಿಯಂ ಸಲ್ಫೊನೇಟ್ ಗ್ರೀಸ್ ಸಿಕ್ಕಿದ್ರೆ ಬಹಳ ಒಳ್ಳೆಯದು, ಇಲ್ಲದಿದ್ರೆ ಲಿಥಿಯಂ ಕಾಂಪ್ಲೆಕ್ಸ್ 2 ನಂಬರ್. ಹಳೆಯ ಗ್ರೀಸ್ ಮೇಲೆ ಬೇರೆ ಜಾತಿಯದ್ದು ಬೆರೆಸ್ಬೇಡಿ.

ಪ್ರೊಪೆಲ್ಲರ್ ಶಾಫ್ಟಿನ (ಡಿಫ್ ತನಕ ಶಕ್ತಿ ಒಯ್ಯುವ ಉದ್ದ ಶಾಫ್ಟ್) ಕೀಲಿನ ಕ್ರಾಸ್‌ಗೆ ನಾಲ್ಕೂ ಕಪ್‌ನಿಂದ ಹೊಸ ಗ್ರೀಸ್ ಇಣುಕುವವರೆಗೆ ಗನ್ ಹೊಡೆಯಿರಿ. ಮೂರರಿಂದ ಮಾತ್ರ ಬಂದ್ರೆ ನಾಲ್ಕನೆಯದು ಒಳಗೆ ಒಣಗಿ ತುಕ್ಕಾಗ್ತಾ ಉಂಟು ಅಂತ ಅರ್ಥ.

ತುಕ್ಕು_ವೈರಿ

ಅಡಿಯ ವಿಷಯ ನಾನು ಹೇಳ್ತೇನೆ. ಉಡುಪಿಯಲ್ಲಿ ವರ್ಷಕ್ಕೆ 4000 ಮಿ.ಮೀ. ಮೀರಿ ಮಳೆ, ಅದರ ಮೇಲೆ ಉಪ್ಪುಗಾಳಿ. ಉಪ್ಪು ಗಾಳಿಯ ತೇವವನ್ನೇ ಎಳೆದುಕೊಳ್ತದೆ, ಹಾಗಾಗಿ ಗಾಡಿ ಶೆಡ್ಡಿನಲ್ಲಿ ನಿಂತ್ರೂ ತುಕ್ಕು ನಿಲ್ಲುದಿಲ್ಲ.

ಮೊದಲು ತೊಳೆಯಬೇಕು, ಸಿಹಿನೀರಲ್ಲಿ. ಕಡಲ ಬದಿಯ ಕೆಲವು ಬಾವಿಗಳು ಏಪ್ರಿಲ್, ಮೇ ಹೊತ್ತಿಗೆ ಉಪ್ಪಾಗ್ತವೆ, ಅದರಲ್ಲಿ ತೊಳೆದ್ರೆ ಉಪ್ಪಿಗೆ ಉಪ್ಪು ಸೇರಿಸಿದ ಹಾಗೆ. ಬಾಯಿಗೆ ಹಾಕಿ ನೋಡಿ, ಗೊತ್ತಾಗ್ತದೆ. ಪ್ರೆಶರ್ ವಾಶರನ್ನು ಸೀಲ್, ಕ್ರಾಸ್, ಹಬ್ ಕಡೆಗೆ ಹತ್ತಿರದಿಂದ ಹಿಡಿಯಬೇಡಿ. ತೋಟಕ್ಕೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರನ್ನು ಗಾಡಿ ಅಡಿಗೆ ಇಟ್ಟು 20 ನಿಮಿಷ ಬಿಟ್ರೆ ಉಪ್ಪು ಚೆನ್ನಾಗಿ ಕರಗ್ತದೆ. ಚಾಸಿಸ್ ಪೆಟ್ಟಿಗೆ ಥರ ಒಳಗೆ ಟೊಳ್ಳು. ತೂತುಗಳಿಂದ ಪೈಪ್ ತೂರಿಸಿ ತಿಳಿ ನೀರು ಬರುವ ತನಕ ಬಿಡಿ, ಕೆಳಗಿನ ತೂತು ಮಣ್ಣಿನಲ್ಲಿ ಮುಚ್ಚಿದ್ರೆ ಸರಿಗೆ ಹಾಕಿ ಬಿಡಿಸಿ.

ಒಣಗಿದ ಮೇಲೆ ಚಿಕ್ಕ ಸುತ್ತಿಗೆಯಲ್ಲಿ ಉದ್ದಕ್ಕೂ ಬಡಿಯುತ್ತಾ ಹೋಗಿ. ಟಣ್ ಅಂದ್ರೆ ಸರಿ, ದೊಪ್ ಅಂದ ಕಡೆ ಸ್ಕ್ರೂಡ್ರೈವರ್ ಒತ್ತಿ ನೋಡಿ. ತೂರಿ ಹೋದ್ರೆ ಅದು ಪೇಂಟಿನ ಕೆಲಸ ಅಲ್ಲ, ಕತ್ತರಿಸಿ ವೆಲ್ಡ್ ಮಾಡುವುದು. ವೆಲ್ಡಿಂಗಿಗೆ ಮೊದಲು ಬ್ಯಾಟರಿ ನೆಗೆಟಿವ್, ಇಸಿಯು (ಎಂಜಿನ್ನಿನ ಕಂಪ್ಯೂಟರ್) ಕನೆಕ್ಟರ್ ಎರಡನ್ನೂ ಬಿಚ್ಚಿಡಿ. ಸ್ಪ್ರಿಂಗ್ ಶಾಕಲ್ ಸೇರುವ ಜಾಗ, ಹಿಂದಿನ ಬಾಡಿ ಮೌಂಟ್, ಮ್ಯಾಟಿನ ಅಡಿ ಬಿಡ್ಬೇಡಿ.

ಗಟ್ಟಿ ಇರುವ ಕಡೆ ಗ್ರೈಂಡರಿಗೆ ವೈರ್ ಕಪ್ ಹಾಕಿ ಸಡಿಲ ಹೊಪ್ಪಳೆ ಪೂರ್ತಿ ತೆಗೆದು, ಜಿಡ್ಡು ಒರೆಸಿ, ಫಾಸ್ಫಾರಿಕ್ ಆಮ್ಲದ ರಸ್ಟ್ ಕನ್ವರ್ಟರ್ ತೆಳ್ಳಗೆ ಹಚ್ಚಿ ಒಂದು ದಿನ ಬಿಡಿ. ಮೇಲಿಂದ ಎಪಾಕ್ಸಿ ಪ್ರೈಮರ್ ಎರಡು ಕೋಟ್, ಆಮೇಲೆ ಕಪ್ಪು ಟಾಪ್ ಕೋಟ್. ಜಿಂಕ್ ರಿಚ್ ಪ್ರೈಮರ್ ಬೇಕಾದ್ರೆ ಬರಿ ಉಕ್ಕಿನ ಮೇಲೆ ಮಾತ್ರ. ಕನ್ವರ್ಟರ್ ಮೇಲೆ ಹೊಡೆದ್ರೆ ಸತುವಿಗೂ ಉಕ್ಕಿಗೂ ಸಂಪರ್ಕವೇ ಇರುದಿಲ್ಲ, ದುಡ್ಡು ದಂಡ. ಗಾಳಿಯ ತೇವ 85 ಶೇಕಡಾ ದಾಟಿದ ದಿನ ಪೇಂಟ್ ಹೊಡೆಯಬಾರದು. ಹಾಗಾಗಿ ನಿಮಗೆ ಉಳಿದಿರುವುದು ಮೇ ತಿಂಗಳ ಒಣ ಮಧ್ಯಾಹ್ನ ಮಾತ್ರ. ಟೊಳ್ಳಿನ ಒಳಗೆ ಉದ್ದ ನಾಝಲ್‌ನಲ್ಲಿ ಕ್ಯಾವಿಟಿ ವ್ಯಾಕ್ಸ್ (ತುಕ್ಕು ತಡೆಯುವ ಮೇಣ) ಹೊಡೆಯಿರಿ.

ತುಕ್ಕಿನ ಮೇಲೆಯೇ ದಪ್ಪ ಕಪ್ಪು ರಬ್ಬರ್ ಕೋಟಿಂಗ್ ಮಾತ್ರ ಬೇಡ ಮಾರಾಯ್ರೆ. ನೋಡ್ಲಿಕ್ಕೆ ಚಂದ, ಅಂಚಿನಿಂದ ನೀರು ಒಳಗೆ ಹೋಗಿ ಅಡಿಯಲ್ಲೇ ತಿನ್ತದೆ. ಕೈಗೆ ಗೊತ್ತಾಗುವಾಗ ಚಾಸಿಸ್ ಹಪ್ಪಳ.

ಕಾಪು_ಜಿಪ್ಸಿ

ಹಳೇ ಎಂಜಿನ್ ಆಯಿಲ್ ಹೊಡೆದ್ರೆ ಸಾಕು ಅಂತ ಇಲ್ಲಿ ಎಲ್ಲರೂ ಹೇಳ್ತಾರೆ. ಮತ್ತೆ ಮರದ ದೋಣಿಗೆ ಹೊಡೆಯುವ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ)?

ಲೋ_ರೇಂಜ್

ಹಳೇ ಆಯಿಲ್ ಚಾಸಿಸ್ಸಿಗೆ ಒಂದು ಮಳೆಗಾಲ ತಡೆಯುದು ಹೌದು, ಸುಳ್ಳಲ್ಲ. ಪಾಟಾದ (ಲೀಫ್ ಸ್ಪ್ರಿಂಗಿನ) ರಬ್ಬರ್ ಬುಶ್‌ಗೆ ತಾಗದ ಹಾಗೆ ಬ್ರಶ್‌ನಲ್ಲಿ ಹಚ್ಚಿದ್ರೆ ಏನೂ ಆಗುದಿಲ್ಲ.

ತುಕ್ಕು_ವೈರಿ

ಬ್ರಶ್‌ನಲ್ಲಿ ಯಾರು ಹಚ್ತಾರೆ? ಎಲ್ಲರೂ ಸ್ಪ್ರೇ ಗನ್‌ನಲ್ಲೇ ಹೊಡೆಯುದು. ರಬ್ಬರ್ ಬುಶ್ ಉಬ್ಬಿ ಮೆತ್ತಗಾಗ್ತದೆ, ಬ್ರೇಕ್ ಡಿಸ್ಕಿಗೆ ಬಿದ್ರೆ ಅಪಾಯ, ತೊಟ್ಟಿಕ್ಕಿದ್ದು ಮಳೆನೀರಿನೊಟ್ಟಿಗೆ ಬಾವಿಗೆ. ಅದರಲ್ಲಿ ಸುಟ್ಟ ಆಮ್ಲದ ಅಂಶವೂ ಉಂಟು. ಗೇರೆಣ್ಣೆ ಮರಕ್ಕೆ ಸರಿ, ಮರದೊಳಗೆ ಇಳಿಯುತ್ತದೆ. ಗಾಡಿ ಅಡಿಯಲ್ಲಿ ಮಲಗಿ ಹಚ್ಚುವಾಗ ಮುಖಕ್ಕೆ ಬಿದ್ರೆ ಚರ್ಮ ಸುಟ್ಟು ಗುಳ್ಳೆ ಏಳ್ತದೆ, ಬಿಟ್ಟುಬಿಡಿ.

ಗ್ರೀಸ್_ಕೈ

ಸ್ನಾರ್ಕಲ್ ಪ್ರಶ್ನೆ ಹಾಗೇ ಉಳಿಯಿತು. ಚಕ್ರದ ಮಧ್ಯದಷ್ಟು ನೀರಿಗೆ ಅದು ಬೇಡವೇ ಬೇಡ. ಏರ್ ಫಿಲ್ಟರ್ ಡಬ್ಬಿಯ ಅಡಿಯ ತೂತು, ಮುಚ್ಚಳದ ವಾಶರ್, ಹೋಸ್ ಜಾಯಿಂಟ್ ಇಷ್ಟನ್ನೂ ನೀರು ಹೋಗದ ಹಾಗೆ ಮುಚ್ಚದಿದ್ರೆ ಸ್ನಾರ್ಕಲ್ ಬರೀ ಶೋಕಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನೂ ಓದಿಕೊಳ್ಳಿ, ಗಾಡಿಯ ಮೂಲ ರೂಪ ಬದಲಿಸುವ ಕೆಲಸಕ್ಕೆ ಆರ್‌ಟಿಒದಲ್ಲಿ ತಕರಾರು ಬರ್ತದೆ. ಆ ದುಡ್ಡಿಗೆ ಹಿಂದಿನ ಡ್ರಮ್ ಬಿಚ್ಚಿ. ಒಳಗೆ ಮರಳು ಕೂತಿರ್ತದೆ, ವೀಲ್ ಸಿಲಿಂಡರಿನ ರಬ್ಬರ್ ಟೊಪ್ಪಿ ಎತ್ತಿ ನೋಡಿ, ಒದ್ದೆ ಇದ್ರೆ ಕಿಟ್ ಬದಲಿಸಿ ಹೊಸ ಡಾಟ್ 3 ಬ್ರೇಕ್ ಆಯಿಲ್ ಹಾಕಿ.

ಕಾಪು_ಜಿಪ್ಸಿ

ಎರಡೂ ಬ್ರೀದರ್ ಬಿಚ್ಚಿದೆ, ಊದಿದ್ರೆ ಒಂದರಲ್ಲೂ ಗಾಳಿ ಹೋಗುದಿಲ್ಲ. ಹಿಂದಿನ ಡ್ರೈನ್ ಸಡಿಲಿಸಿದಾಗ ಮೊದಲು ಅರ್ಧ ಚಾ ಗ್ಲಾಸ್ ತಿಳಿ ನೀರು ಬಂತು, ಪ್ಲಗ್‌ನಲ್ಲಿ ಪೇಸ್ಟ್ ಮಾತ್ರ. ಬ್ರೇಕ್ ಒತ್ತಿ ನೋಡಿದ್ರೂ ಬಲ ಚಕ್ರದ ಆಟ ನಿಲ್ಲುದಿಲ್ಲ. ಕಿಂಗ್ ಪಿನ್ ಒಂದೇ ಬದಿ ಬದಲಿಸಿದ್ರೆ ನಡೀತದಾ?

ಗ್ರೀಸ್_ಕೈ

ಎರಡೂ ಬದಿ. ಒಂದು ಬದಿ ಬಿಗಿ, ಇನ್ನೊಂದು ಸಡಿಲ ಇರಬಾರದು. ನಾಲ್ಕು ಬೇರಿಂಗ್, ಎರಡು ಒಳ ಸೀಲ್, ಎರಡು ನಕಲ್ ಸೀಲ್ ಸೆಟ್ ಒಟ್ಟಿಗೆ ತನ್ನಿ. ಎಡಗಡೆ ಬಿಚ್ಚುವ ಮೊದಲು ಬಲಗಡೆ ಪೂರ್ತಿ ಜೋಡಿಸಿ ಮುಗಿಸಿ, ಗೊಂದಲ ಆದಾಗ ನೋಡ್ಲಿಕ್ಕೆ ಒಂದು ಬದಿಯಾದ್ರೂ ಸರಿಯಾಗಿ ಇರ್ತದೆ.