ಹ್ಯಾವಿಂಗ್ ಟು ಮತ್ತು ಮನೆ ಟ್ಯಾಕ್ಸ್

ಭಾನುವಾರ ಬೆಳಿಗ್ಗೆ ಏಳಕ್ಕೇ ಕಾಕಾ ನಮ್ಮ ಮನೆತನದ ಗುಂಪಿಗೆ ಒಂದು ಫಾರ್ವರ್ಡ್ ಒಗೆದರು. ‘ಹ್ಯಾವಿಂಗ್ ಟು ಅನ್ನುವುದು ತಪ್ಪು ಇಂಗ್ಲಿಷ್. ಐ ಆಮ್ ಹ್ಯಾವಿಂಗ್ ಟು ಪೇ ಅನ್ನಬೇಡಿ, ಐ ಮಸ್ಟ್ ಪೇ ಅನ್ನಿ. ಹತ್ತು ಜನರಿಗೆ ಕಳಿಸಿ.’ ಕೆಳಗೆ ಕೈಮುಗಿದ ಚಿತ್ರ.

ಸುಮ್ನೆ ಹಾಕಿದ್ದಲ್ಲ. ಬಾಗಲಕೋಟೆ ನವನಗರದ ಮನೆ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ. ಹೋದ ವರ್ಷ ಅಣ್ಣ ಅದರ ಟ್ಯಾಕ್ಸ್ ತುಂಬಿದ ರಸೀದಿ ಹಾಕಿ ಬರೆದಿದ್ದ: ‘ಐ ಹ್ಯಾವ್ ಬೀನ್ ಹ್ಯಾವಿಂಗ್ ಟು ಪೇ ದಿಸ್ ಅಲೋನ್.’ ಅವನಿಗೆ ಸಿಟ್ಟು ಬಂದರೆ ಇಂಗ್ಲಿಷ್ ಬರುತ್ತದೆ.

ಬೆಳಗಾವಿಯ ತಂಗಿ ಇಂಗ್ಲಿಷ್ ಮೇಡಂ. ಬಿಡ್ತಾಳಾ?

‘ಕಾಕಾ, ಇದನ್ನ ಯಾರು ಹೇಳಿದ್ದು?’

‘ನಮ್ಮ ವಾಕಿಂಗ್ ಗುಂಪಿನಲ್ಲಿ ಬಂತವ್ವಾ.’

‘ನಿಮ್ಮ ವಾಕಿಂಗ್ ಗುಂಪಿನವರು ಎರಡು ಟು ಕಲಸಿದ್ದಾರೆ. ಐ ಆಮ್ ಹ್ಯಾವಿಂಗ್ ಟು ಬ್ರದರ್ಸ್ ಅನ್ನೋದು ತಪ್ಪು. ಅಲ್ಲಿ ಟು ಅಂದ್ರೆ ಇಬ್ಬರು. ತಮ್ಮಂದಿರು ಇರ್ತಾರೆ, ಅದು ಸದ್ಯಕ್ಕೆ ನಡೀತಿರೋ ಕೆಲಸ ಅಲ್ಲ. ಹ್ಯಾವಿಂಗ್ ಟು ಪೇ ಸರಿಯಾಗೇ ಇದೆ. ತುಂಬಬೇಕಾಗ್ತಿದೆ ಅಂತ.’

ದೊಡ್ಡಪ್ಪ ಎದ್ದರು. ‘ಮಸ್ಟ್ ಅಂದರೆ ಶಿಸ್ತು. ಈಗಿನವರಿಗೆ ಅದೇ ಇಲ್ಲ. ಹಿರಿಯರಿಗೆ ಪಾಠ ಹೇಳುವುದು ನಮ್ಮ ಮನೆತನದ ರೀತಿ ಅಲ್ಲ.’

‘ದೊಡ್ಡಪ್ಪಾ, ಮಸ್ಟ್‌ಗೆ ಇಂಗ್ ಹಚ್ಚೋಕೆ ಬರಲ್ಲ. ನಿನ್ನೆ ತುಂಬಬೇಕಾಯ್ತು ಅನ್ನೋಕೂ ಹ್ಯಾಡ್ ಟು ಬೇಕು. ನಮ್ಮ ಬೇಕು ಕೂಡ ಹಾಗೇ ಕುಂಟ. ಆಗು ಹೆಗಲು ಕೊಟ್ಟರೆ ನಡೆಯುತ್ತೆ: ಬೇಕಾಯ್ತು, ಬೇಕಾಗ್ತಿದೆ. ಇಂಗ್ಲಿಷಿನಲ್ಲಿ ಹೆಗಲು ಕೊಡೋದು ಹ್ಯಾವ್.’

ನನಗೆ ಇದು ಭಾಳ ಹಿಡಿಸಿತು. ಹ್ಯಾವ್ ಅಂದರೆ ನನ್ನ ಹತ್ತಿರ ಇದೆ ಅಂತಷ್ಟೇ ತಿಳಿದಿದ್ದೆ. ಮಾಡೋ ಕೆಲಸವೂ ಹತ್ತಿರ ಇರುತ್ತದೆ, ಅಲ್ವಾ? ಆದರೆ ಗುಂಪಿನಲ್ಲಿ ಯಾರೂ ಓದಲಿಲ್ಲ. ಕಾಕಾ ಅಷ್ಟರಲ್ಲಿ ಗುಡ್ ಮಾರ್ನಿಂಗ್ ಹೂವು ಹಾಕಿದ್ದರು.

ಆಮೇಲೆ ಪುಣೆಯಿಂದ ಅತ್ತಿ ಮಗ ಬಂದ. ‘ಟ್ಯಾಕ್ಸ್ ಅಂದ ಕೂಡಲೇ ಹಳೇ ಊರಿನ ಮನೆ ನೆನಪಾಯ್ತು. ಹೋಳಿಗೆ ಬಣ್ಣದ ಬಂಡಿ ಬಂದ್ರೆ ಮಾಳಿಗೆ ಮೇಲಿಂದ ನಾವು ಕೊಡ ಸುರುವುತ್ತಿದ್ವಿ. ಹಲಗಿ ಸಪ್ಪಳ ಇನ್ನೂ ಕಿವಿಯಲ್ಲಿದೆ. ಎಲ್ಲಾ ಆಲಮಟ್ಟಿ ಹಿನ್ನೀರಿಗೆ ಹೋಯ್ತು.’

ಇದಕ್ಕೆ ಹನ್ನೊಂದು ಅಳುವ ಮುಖ ಬಿದ್ದವು. ಇದ್ದಕ್ಕಿದ್ದಂತೆ ಕಾಕು ಬರೆದರು. ‘ನೀರಿಗೆ ಹೋದದ್ದು ನೆನಪಿದೆ. ಪರಿಹಾರದ ರೊಕ್ಕ ಯಾರಿಗೆ ಎಷ್ಟು ಹೋಯ್ತು ಅನ್ನೋದು ನೆನಪಿದೆಯೇನಪಾ?’

ಅಲ್ಲಿಗೆ ವ್ಯಾಕರಣ ಮುಗಿಯಿತು. ದೊಡ್ಡಪ್ಪ ಏನೋ ಉದ್ದಕ್ಕೆ ಬರೆದು ಅಳಿಸಿದರು. ಕಾಕಾನೂ ಅಳಿಸಿದರು. ಅತ್ತಿ ಗುಂಪು ಬಿಟ್ಟರು. ಮಧ್ಯಾಹ್ನ ಊಟದ ಹೊತ್ತಿಗೆ ಅವರನ್ನ ಮತ್ತೆ ಸೇರಿಸಬೇಕಾಯಿತು. ವರ್ಷಕ್ಕೆ ಎರಡು ಸಲ ಇದು ಇದ್ದದ್ದೇ.

ರಾತ್ರಿ ಅಣ್ಣ ಈ ವರ್ಷದ ರಸೀದಿ ಹಾಕಿದ. ಜೊತೆಗೆ ಒಂದೇ ಸಾಲು, ಈ ಸಲ ಕನ್ನಡದಲ್ಲಿ:

‘ಐ ಆಮ್ ಹ್ಯಾವಿಂಗ್ ಟು ಬ್ರದರ್ಸ್ ಅನ್ನೋದು ತಪ್ಪು ಅಂತ ತಂಗಿ ಹೇಳಿದ್ಲು. ಖರೇನೇ ಬಿಡು.’

ಆ ಇಬ್ಬರಲ್ಲಿ ಒಬ್ಬ ನಾನು. ಗುಂಪಿನಲ್ಲಿ ಏನೂ ಬರೆಯಲಿಲ್ಲ. ಅಣ್ಣನ ಹೆಂಡತಿ, ನಮ್ಮ ವೈನಿಗೆ ಬೇರೆಯಾಗಿ ಮೆಸೇಜ್ ಹಾಕಿ, ನನ್ನ ಪಾಲು ಎಷ್ಟು ಅಂತ ಕೇಳಿದೆ. ಟಿಕ್ ನೀಲಿ ಆಗಿ ಅರ್ಧ ತಾಸಾಯಿತು. ಆಮೇಲೆ ಉತ್ತರ ಬಂತು: ‘ಯಾವ ವರ್ಷದಿಂದ?’